ಕ್ಯಾಮರಾ ಬದಲಿಸುವುದೋ, ಮಸೂರ ಕೊಳ್ಳುವುದೋ?

ಆಟ, ಕೋಲ, ಭಜನೆ, ಶಾಲಾ ವಾರ್ಷಿಕೋತ್ಸವ – ನಮ್ಮ ಕಡೆಯ ಮನೆಯವರು ಕ್ಯಾಮರಾ ಹೊರತೆಗೆಯುವ ಸಂದರ್ಭಗಳಲ್ಲಿ ಹೆಚ್ಚಿನವು ಹೊತ್ತು ಮುಳುಗಿದ ಮೇಲಿನವು. ಹಗಲಿನಲ್ಲಿ ಬೇಕಲ ಕೋಟೆಯನ್ನೋ ಅನಂತಪುರದ ಕೆರೆಯ ನಡುವಣ ದೇವಸ್ಥಾನವನ್ನೋ ಅಂದವಾಗಿ ಹಿಡಿದುಕೊಡುವ ಕ್ಯಾಮರಾ ರಾತ್ರಿ ರಂಗಸ್ಥಳದ ಮುಂದೆ ಮುಗ್ಗರಿಸುತ್ತದೆ. ಮುಖ ಮಸುಕು, ಕೈ ಎಲ್ಲಿದೆಯೋ ತಿಳಿಯದು, ಕಿರೀಟವಿರಬೇಕಾದಲ್ಲಿ ಬಣ್ಣದ ಒಂದು ಗೆರೆ. ಆಗ ಮನೆಯಲ್ಲಿ ಮಾತು ಹುಟ್ಟುತ್ತದೆ, "ಕ್ಯಾಮರಾ ಹಳತಾಯಿತು, ಹೊಸತು ತೆಗೆಯಬೇಕು" ಎಂದು. ಈ ಮಾತು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ದುಡ್ಡು ಕೈಬಿಡುವ ಮೊದಲೇ ವಿಚಾರಿಸಿ ನೋಡುವುದು ಒಳ್ಳೆಯದು.

ಬದಿಯಡ್ಕದ ಆಚೆಗಿನ ಒಂದು ಕೃಷಿಕರ ಮನೆಯಲ್ಲಿ ಕಳೆದ ಚಳಿಗಾಲದಲ್ಲಿ ಇದೇ ಚರ್ಚೆ ನಡೆಯಿತು. ಆ ಮನೆಯ ಹಿರಿಯರು ಹವ್ಯಾಸಿ ವೇಷಧಾರಿ. ನಲುವತ್ತು ವರ್ಷ ಗೆಜ್ಜೆ ಕಟ್ಟಿದ ಕಾಲುಗಳಿಗೆ ಈಗ ಗಂಟುನೋವು. "ಪತ್ತನಾಜೆಯ ಒಳಗೆ ಒಂದು ವೇಷ ಮಾಡಿ ಗೆಜ್ಜೆ ಬಿಚ್ಚುತ್ತೇನೆ" ಎಂದು ಅವರು ಹೇಳಿಬಿಟ್ಟಿದ್ದರು. ಇಷ್ಟು ವರ್ಷದ ವೇಷಗಳಲ್ಲಿ ಗೋಡೆಗೆ ತೂಗಹಾಕುವಂಥ ಒಂದು ಫೋಟೋ ಮನೆಯಲ್ಲಿಲ್ಲ. ಇದ್ದವೆಲ್ಲ ಮೇಲೆ ಹೇಳಿದ ಬಣ್ಣದ ಗೆರೆಗಳೇ. ಬೆಂಗಳೂರಿನಲ್ಲಿರುವ ಮೊಮ್ಮಗ ಫೋನಿನಲ್ಲಿ, "ಆ ಹಳೆಯ ನಿಕಾನ್ ಬಿಡಿ ಅಪ್ಪಾ, ಮಿರರ್‌ಲೆಸ್ ತೆಗೆದುಕೊಳ್ಳುವ, ಅರ್ಧ ದುಡ್ಡು ನಾನು ಹಾಕುತ್ತೇನೆ" ಎಂದ. ಉಳಿದರ್ಧ ತೋಟದಿಂದ ಬರಬೇಕು. ಅದು ಮಹಾಳಿಯಿಂದ ಅಡಿಕೆ ಉದುರಿದ ವರ್ಷ. ಕಾಲೇಜಿಗೆ ಹೋಗುವ ಮೊಮ್ಮಗಳು, ಒಂದು ಒಳ್ಳೆಯ ಮಸೂರ ಸಾಕೆಂದು ಹಟ ಹಿಡಿದಳು. ಯಜಮಾನರು ನನ್ನಲ್ಲಿ, "ಮಾಷ್ಟ್ರೇ, ಎಂತ ಮಾಡುವುದು? ಇದರಲ್ಲಿ ಎರಡನೇ ಸಲ ಅಂತ ಇಲ್ಲವಲ್ಲ" ಎಂದು ಕೇಳಿದರು.

ಇಂಥ ಪ್ರಶ್ನೆಗೆ ಅಂಗಡಿಯವರನ್ನು ಕೇಳುವ ಮೊದಲು ನಮ್ಮ ಕೆಟ್ಟ ಫೋಟೋಗಳನ್ನೇ ಕೇಳಬೇಕು. ಡಿಜಿಟಲ್ ಕ್ಯಾಮರಾ ಪ್ರತಿ ಚಿತ್ರದೊಂದಿಗೂ ಒಂದು ಜಾತಕವನ್ನು ಬರೆದಿಟ್ಟಿರುತ್ತದೆ. ಮಸೂರ ಎಷ್ಟು ಮಿಲಿಮೀಟರಿನಲ್ಲಿತ್ತು, ಅದರ ಕಿಂಡಿ ಎಷ್ಟು ತೆರೆದಿತ್ತು, ಬೆಳಕು ಎಷ್ಟು ಹೊತ್ತು ಒಳಬಂತು, ಐಎಸ್‌ಒ ಎಷ್ಟು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಚಿತ್ರದ ವಿವರ ತೆರೆದರೆ ಕಾಣುತ್ತದೆ. ಮೊಮ್ಮಗಳು ಹಿಂದಿನ ವರ್ಷದ ಚಿತ್ರಗಳನ್ನು ಹೀಗೆ ತೆರೆದು ನೋಡಿದಳು. ಕೆಟ್ಟವುಗಳಲ್ಲಿ ಬಹುಪಾಲಿನ ಜಾತಕ ಒಂದೇ: 55 ಮಿಲಿಮೀಟರ್, ಕಿಂಡಿ 5.6, ಸೆಕೆಂಡಿನ 30ರಲ್ಲಿ ಒಂದು ಪಾಲು, ಐಎಸ್‌ಒ 3200.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿಎಸ್‌ಎಲ್‌ಆರ್ ಕ್ಯಾಮರಾದ ಜೊತೆಗೇ ಪೆಟ್ಟಿಗೆಯಲ್ಲಿ ಬರುವ 18-55 ಮಿ.ಮೀ. ಮಸೂರವನ್ನು ಪೂರ್ತಿ ಹತ್ತಿರಕ್ಕೆ ಎಳೆದಾಗ ಅದರ ಕಿಂಡಿ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಈ ಸಂಖ್ಯೆಯ ಗುಟ್ಟು ಸರಳ ಭಾಗಾಕಾರ: 55ನ್ನು 5.6ರಿಂದ ಭಾಗಿಸಿದರೆ ಹತ್ತಿರ ಹತ್ತಿರ 10 ಮಿ.ಮೀ. – ಅಂಗಿಯ ಗುಂಡಿಯಷ್ಟು ತೂತು. ಅದೇ 50 ಮಿ.ಮೀ., ಕಿಂಡಿ 1.8 ಎಂದು ಬರೆದಿರುವ ಮಸೂರದಲ್ಲಿ ತೂತು ಸುಮಾರು 28 ಮಿ.ಮೀ. – ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಕೂದಲು ಹೆಚ್ಚು. ಕಿಂಡಿಯ ಸಂಖ್ಯೆ ಕಿರಿದಾದಷ್ಟೂ ಬೆಳಕು ಹೆಚ್ಚು, 5.6ರಿಂದ 1.8ಕ್ಕೆ ಬಂದರೆ ಒಂಬತ್ತು ಪಾಲಿಗೂ ಮಿಕ್ಕಿ ಬೆಳಕು ದೊರೆಯುತ್ತದೆ. ಅಂದರೆ ಅದೇ ರಂಗಸ್ಥಳ, ಅದೇ ದೀಪ, ಅದೇ ಹಳೆಯ ಕ್ಯಾಮರಾ. 30ರಲ್ಲಿ ಒಂದು ಪಾಲಿನ ಬದಲು 250ರಲ್ಲಿ ಒಂದು ಪಾಲು ಸೆಕೆಂಡಿನಲ್ಲಿ ಚಿತ್ರ ಮುಗಿಯುತ್ತದೆ. ಚೆಂಡೆಯ ಪೆಟ್ಟಿಗೆ ಕುಣಿಯುವ ವೇಷ 30ನೆಯ ಒಂದು ಪಾಲಿನಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. 250ನೆಯ ಒಂದು ಪಾಲಿನಲ್ಲಿ ಹೆಚ್ಚುಕಡಿಮೆ ನಿಂತಂತೆ ಸಿಗುತ್ತದೆ.

ಇನ್ನು ಹೊಸ ಕ್ಯಾಮರಾದ ಮಾತು. ಅದೇ ಅಳತೆಯ ಸೆನ್ಸರ್ ಇರುವ ಹೊಸ ಕ್ಯಾಮರಾ ಕತ್ತಲಲ್ಲಿ ಹಳತಕ್ಕಿಂತ ಸ್ವಲ್ಪ ಮೇಲು, ನಿಜ. ಆದರೆ ಆ ಮೇಲ್ಮೆ ಒಂಬತ್ತು ಪಾಲಿನ ಹತ್ತಿರಕ್ಕೂ ಬಾರದು. ಫುಲ್‌ಫ್ರೇಮ್ ಎನ್ನುವ ದೊಡ್ಡ ಸೆನ್ಸರಿನ ಕ್ಯಾಮರಾವನ್ನೇ ಕೊಂಡರೂ ಆ ಸೆನ್ಸರಿನ ವಿಸ್ತಾರ ನಮ್ಮ ಮನೆಗಳಲ್ಲಿರುವ ಸಾಮಾನ್ಯ ಡಿಎಸ್‌ಎಲ್‌ಆರ್‌ನದಕ್ಕಿಂತ ಎರಡೂಕಾಲು, ಎರಡೂವರೆ ಪಾಲು ಮಾತ್ರ. ಹೊಸ ಕ್ಯಾಮರಾದ ಪೆಟ್ಟಿಗೆಯಲ್ಲಿ ಬರುವ ಮಸೂರವೂ ಸಾಮಾನ್ಯವಾಗಿ ಸಣ್ಣ ಕಿಂಡಿಯದೇ. ದುಡ್ಡು ಐದಾರು ಪಾಲು ಸುರಿದು ಮತ್ತೆ ಅದೇ ಅಂಗಿಯ ಗುಂಡಿಯ ತೂತಿನಿಂದ ನೋಡುವುದೆಂದರೆ ನನಗೇನೋ ಸರಿ ಕಾಣುವುದಿಲ್ಲ. ಬೆಂಗಳೂರಿನ ಹುಡುಗನಿಗೆ ಇದನ್ನು ಹೇಳಿದಾಗ ಒಂದು ಗಳಿಗೆ ಸುಮ್ಮನಾಗಿ, "ಹಾಗಾದರೆ 70-300 ತೆಗೆಯಿರಿ, ದೂರದಿಂದ ಹಿಡಿಯಬಹುದು" ಎಂದ. ಅದೂ ರಾತ್ರಿಗೆ ಆಗದು. ಕಡಿಮೆ ಬೆಲೆಯ ಆ ಜಾತಿಯ ಮಸೂರಗಳು 300ಕ್ಕೆ ಹೋದಾಗ ಕಿಂಡಿ 5.6 ಅಥವಾ 6.3ಕ್ಕೆ ಇಳಿಯುತ್ತದೆ. ಹಗಲು ಹಕ್ಕಿ ಹಿಡಿಯುವವರಿಗೆ ಅದು ಸರಿ.

ಫ್ಲಾಶ್ ಇದೆಯಲ್ಲ ಎನ್ನುವವರಿದ್ದಾರೆ. ಮುಖವರ್ಣಿಕೆಯ ಗೆರೆಗಳನ್ನೆಲ್ಲ ಸಪಾಟು ಮಾಡಿ, ಹಿಂದಿನ ಭಾಗವತರನ್ನು ಕತ್ತಲಿಗೆ ತಳ್ಳಿ, ಮುಮ್ಮೇಳದವರ ಕಣ್ಣಿಗೂ ಕುಕ್ಕುವ ಆ ಬೆಳಕನ್ನು ಪಾರ್ತಿಸುಬ್ಬನ ಸೀಮೆಯಲ್ಲಾದರೂ ಬಿಟ್ಟುಬಿಡುವುದು ಚೆಂದ. ಮೊಬೈಲು ಕುಳಿತ ಸಭೆಯನ್ನು ರಾತ್ರಿಯಲ್ಲೂ ಚೆನ್ನಾಗಿ ಹಿಡಿಯುತ್ತದೆ. ಅದು ಹಲವು ಚಿತ್ರಗಳನ್ನು ಕ್ಷಣದೊಳಗೆ ತೆಗೆದು ಒಂದಾಗಿ ಬೆಸೆಯುವುದರಿಂದ ದಿಗಿಣ ಹಾರುವ ವೇಷದ ಮುಂದೆ ಅದರ ಜಾಣತನ ನಡೆಯುವುದಿಲ್ಲ.

ಮಸೂರ ಕೊಳ್ಳುವುದರಲ್ಲಿಯೂ ಎಡವುವ ಕಲ್ಲುಗಳಿವೆ. ನಿಕಾನ್‌ನ ಡಿ3000 ಮತ್ತು ಡಿ5000 ಸಾಲಿನ ಕ್ಯಾಮರಾಗಳ ಒಳಗೆ ಫೋಕಸ್ ಮಾಡುವ ಮೋಟಾರು ಇಲ್ಲ. ಎಎಫ್ ಅಥವಾ ಎಎಫ್-ಡಿ ಎಂದು ಬರೆದಿರುವ ಹಳೆಯ ಮಸೂರ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೈಯಿಂದಲೇ ತಿರುಗಿಸುತ್ತ ಕೂರಬೇಕು. ಎಎಫ್-ಎಸ್ ಎಂದಿರುವುದನ್ನೇ ಕೇಳಿ ಪಡೆಯಬೇಕು. ಎರಡನೆಯದಾಗಿ, 50ರ ಮಸೂರದಲ್ಲಿ ಜೂಮ್ ಇಲ್ಲ. ಹತ್ತು ಮೀಟರ್ ದೂರದಲ್ಲಿ ಅದು ಸುಮಾರು ನಾಲ್ಕೂಮುಕ್ಕಾಲು ಮೀಟರ್ ಅಗಲವನ್ನು ಕಾಣುತ್ತದೆ, ಐದು ಮೀಟರಿನಲ್ಲಿ ಅದರ ಅರ್ಧ. ಶಾಲೆಯ ಸಣ್ಣ ಸಭಾಂಗಣಕ್ಕಾದರೆ 35 ಮಿ.ಮೀ. ಮಸೂರವೇ ಅನುಕೂಲ. ಯಾವುದು ತನಗೆ ಒಗ್ಗುತ್ತದೆಂದು ತಿಳಿಯಲು ಕಾಸು ಬೇಡ: ಇರುವ ಮಸೂರದ ಬಳೆಯನ್ನು 50ರಲ್ಲಿ ನಿಲ್ಲಿಸಿ ಟೇಪು ಸುತ್ತಿ, ಒಂದು ಸಂಜೆ ಹಾಗೆಯೇ ಫೋಟೋ ತೆಗೆದು ನೋಡಿ. ಮಾರನೆಯ ಸಂಜೆ 35ರಲ್ಲಿ.

ಹಾಗೆಂದು ಕ್ಯಾಮರಾ ಬದಲಿಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. ವಿಡಿಯೋ ಮುಖ್ಯವಾಗಿದ್ದವರಿಗೆ ಹಳೆಯ ಡಿಎಸ್‌ಎಲ್‌ಆರ್ ಸಾಲದು. ಅದು ಪರದೆಯಲ್ಲಿ ನೋಡುತ್ತ ಫೋಕಸ್ ಹುಡುಕುವಷ್ಟರಲ್ಲಿ ಪದ್ಯವೇ ಮುಗಿದಿರುತ್ತದೆ. ಹೊಸ ಮಿರರ್‌ಲೆಸ್‌ಗಳು ಮನುಷ್ಯನ ಕಣ್ಣನ್ನು ತಾವೇ ಗುರುತಿಸಿ ಬೆನ್ನಟ್ಟುತ್ತವೆ. ಕೆಲವು ಕ್ಯಾಮರಾಗಳಲ್ಲಿ ಸೆನ್ಸರೇ ಅಲುಗಿ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯಿದೆ. ವಯಸ್ಸಾದ ಕೈಗಳಿಗೆ ಉಪಕಾರ, ಆದರೆ ಅದು ನಿಲ್ಲಿಸುವುದು ನಮ್ಮ ಕೈಯನ್ನು, ಕುಣಿಯುವವರ ಕಾಲನ್ನಲ್ಲ. ಈಗ ಕೊಂಡ ಮಸೂರ ಮುಂದೆ ವ್ಯರ್ಥವಾದೀತೆಂಬ ಭಯ ಹಲವರಿಗಿದೆ. ಕ್ಯಾನನ್ 1987ರಿಂದ ಬಳಸಿದ ಇಎಫ್ ಜೋಡಣೆಯ ಬದಲು 2018ರಲ್ಲಿ ಆರ್‌ಎಫ್ ತಂದಿತು; ನಿಕಾನ್ 1959ರ ಎಫ್ ಜೋಡಣೆಯ ಪಕ್ಕದಲ್ಲಿ ಅದೇ 2018ರಲ್ಲಿ ಜೆಡ್ ತಂದಿತು. ಇಎಫ್ ಮಸೂರಗಳೂ ನಿಕಾನ್‌ನ ಎಎಫ್-ಎಸ್ ಮಸೂರಗಳೂ ಆಯಾ ಕಂಪೆನಿಯ ಅಡಾಪ್ಟರ್ ಮೂಲಕ ಹೊಸ ಕ್ಯಾಮರಾದಲ್ಲಿ ಫೋಕಸ್ ಸಹಿತ ಕೆಲಸ ಮಾಡುತ್ತವೆ. ಹೊಸ ಮಸೂರವನ್ನು ಹಳೆಯ ಕ್ಯಾಮರಾಕ್ಕೆ ಹಾಕಲು ಮಾತ್ರ ಬರುವುದಿಲ್ಲ. ಕ್ಯಾನನ್‌ನ ಇಒಎಸ್ ಎಂ ಸಾಲಿನ ಕ್ಯಾಮರಾ ಇದ್ದವರ ಲೆಕ್ಕ ಬೇರೆ. 2023ರಲ್ಲಿ ಆ ಸಾಲು ನಿಂತಿತು. ಅದರ ಮಸೂರಗಳು ಆರ್‌ಎಫ್ ಕ್ಯಾಮರಾಗಳಿಗೆ ಕೂರುವುದಿಲ್ಲ. ಅಂಥವರು ಅದಕ್ಕೆ ಮತ್ತೆ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಬದಿಯಡ್ಕದ ಮನೆಯವರು ಕೊನೆಗೆ 50ರ ಮಸೂರವನ್ನೇ ತಂದರು. ಹತ್ತು ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಎಪ್ರಿಲಿನ ಒಂದು ರಾತ್ರಿ ಹಿರಿಯರು ವೇಷ ಕಟ್ಟಿದರು. ಮೊಮ್ಮಗಳು ತೆಗೆದದ್ದು ಇನ್ನೂರಕ್ಕೂ ಹೆಚ್ಚು ಚಿತ್ರ. ಅರ್ಧಕ್ಕರ್ಧ ಕೆಟ್ಟಿವೆ – ಕಿಂಡಿ ಅಷ್ಟು ತೆರೆದಾಗ ಸ್ಪಷ್ಟವಾಗುವ ಆಳ ಕಡಿಮೆ, ಹಾಗಾಗಿ ಕೆಲವದರಲ್ಲಿ ಮುಖದ ಬದಲು ಭುಜಕೀರ್ತಿ ಸ್ಪಷ್ಟ. ಮುಂದೆ ಬಂದು ಕುಣಿದಾಗ ಕಿರೀಟದ ತುದಿ ಚೌಕಟ್ಟಿನ ಹೊರಗೆ. ಆದರೆ ಚೌಕಿಯಲ್ಲಿ ಸಣ್ಣ ಕನ್ನಡಿ ಹಿಡಿದು ಹಣೆಗೆ ಗೆರೆ ಎಳೆಯುತ್ತಿರುವ ಒಂದು ಚಿತ್ರವಿದೆ. ಒಂದೇ ಬಲ್ಬಿನ ಬೆಳಕು. ಅದನ್ನೇ ಈಗ ಚಾವಡಿಯಲ್ಲಿ ತೂಗಹಾಕಿದ್ದಾರೆ. ಬೆಂಗಳೂರಿನವನು ಹಾಕುತ್ತೇನೆಂದ ದುಡ್ಡು ಕಂಪ್ರೆಸರಿನ ರಿಪೇರಿಗೆ ಹೋಯಿತಂತೆ.

ಹಳೆಯ ಮಸೂರ ಕೊಳ್ಳುವವರಿಗೆ ಒಂದು ಮಾತು. ನಮ್ಮ ಆಟಿ ತಿಂಗಳ ಮಳೆಗೆ ಚಪ್ಪಲಿಗೆ ಹಿಡಿಯುವ ಬೂಷ್ಟು ಮಸೂರದ ಗಾಜಿಗೂ ಹಿಡಿಯುತ್ತದೆ. ಬಹಳ ದಿನ ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಕೊಳ್ಳುವಾಗ ಕಿಂಡಿ ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚು ಹಾಕಿ ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ನೂಲು ಕಂಡರೆ ಬೇಡ. ಮನೆಯಲ್ಲಿರುವುದನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿನ ಮೂಲೆಗೆ ಸೇರಿಸಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್‌ನ ಪೊಟ್ಟಣ, ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಫೋಟೋ – ಪತ್ತನಾಜೆ ಕಳೆದು ಮೇಳಗಳೆಲ್ಲ ಒಳಗಾದ ಮೇಲೆ ದೀಪಾವಳಿಯವರೆಗೆ ಇಷ್ಟು ನಡೆಸಿಕೊಂಡು ಬಂದರೆ ಸಾಕು.