ರೊಟ್ಟಿ ಹಬ್ಬದ ರೊಟ್ಟಿ ಕೆಡುವುದಿಲ್ಲ ಏಕೆ?

ಶ್ರಾವಣದ ತದಿಗೆ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಓಣಿಗಳಲ್ಲಿ ತಾಟುಗಳ ಓಡಾಟ ಶುರುವಾಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಪುಂಡಿ ಪಲ್ಯ, ಮಡಕೆ ಕಾಳು, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಚಟ್ನಿ ಎಲ್ಲವೂ ಒಂದೇ ತಾಟಿನಲ್ಲಿ ಕೂತು ಈ ಮನೆಯಿಂದ ಆ ಮನೆಗೆ ಹೋಗುತ್ತವೆ. ಕೊಟ್ಟ ತಾಟು ಬರಿದಾಗಿ ವಾಪಸು ಬರುವುದಿಲ್ಲ, ಆ ಮನೆಯ ರೊಟ್ಟಿ ಪಲ್ಯ ಹೊತ್ತುಕೊಂಡೇ ಬರುತ್ತದೆ. ಇದೇ ರೊಟ್ಟಿ ಪಂಚಮಿ, ಕೆಲವರ ಬಾಯಲ್ಲಿ ರೊಟ್ಟಿ ಹಬ್ಬ. ಮರುದಿನ ಚೌತಿಗೆ ನಾಗಪ್ಪನಿಗೆ ಹಾಲು, ಅದರ ಮರುದಿನ ಪಂಚಮಿ.

ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು ಎಂಬ ನಡಾವಳಿ ಈ ಭಾಗದ ಅನೇಕ ಮನೆಗಳಲ್ಲಿದೆ. ಸುಡುವುದನ್ನೆಲ್ಲ ಮೊದಲೇ ಮುಗಿಸಬೇಕು. ಹಾಗಾಗಿ ಹಬ್ಬಕ್ಕೆ ಕೆಲವು ದಿನ ಇರುವಾಗಲೇ ರೊಟ್ಟಿ ಬಡಿಯುವ ಸಪ್ಪಳ ಕೇಳತೊಡಗುತ್ತದೆ. ಹೊರಗೆ ಮಳೆಗಾಲದ ತೇವ, ಮನೆಯಲ್ಲಿ ಫ್ರಿಜ್ಜಿನ ಮಾತೇ ಇಲ್ಲದ ಕಾಲದಿಂದ ನಡೆದುಬಂದ ಪದ್ಧತಿ. ಬಡಿದಿಟ್ಟ ರೊಟ್ಟಿ ಬೂಸ್ಟು ಹಿಡಿಯದೆ, ಹಳಸದೆ ವಾರಗಟ್ಟಲೆ ಉಳಿಯುತ್ತದೆ. ಇದರ ಹಿಂದಿರುವುದು ನೀರನ್ನು ಯಾವಾಗ ಒಳಗೆ ಬಿಡಬೇಕು, ಯಾವಾಗ ಹೊರಗೆ ಹಾಕಬೇಕು ಎಂಬ ಅರಿವು. ಈ ಅರಿವನ್ನು ನಾನು ಅಪ್ಪಟ ಆಹಾರ ವಿಜ್ಞಾನವೆಂದೇ ಕರೆಯುತ್ತೇನೆ.

ಮೊದಲ ಪಾಠ ಎಸರಿನದು. ‘ಎಸರು ಮರಳಿಲ್ಲ, ಹಿಟ್ಟಿಗೆ ಕೈ ಹಚ್ಚಬ್ಯಾಡ’ ಎಂದು ರೊಟ್ಟಿ ಕಲಿಯುವ ಹುಡುಗಿಗೆ ಅಮ್ಮ ಗದರುವುದು ಸುಮ್ಮನೆ ಅಲ್ಲ. ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಕಣಕ ಎಳೆದಂತೆ ಬರುತ್ತದೆ. ಗೋಧಿಯ ಗ್ಲೈಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ಕುಡಿದು, ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುವುದೇ ಅದಕ್ಕೆ ಕಾರಣ. ಜೋಳದಲ್ಲಿ ಆ ಜಾಲವಿಲ್ಲ. ಜೋಳದ ಮುಖ್ಯ ಪ್ರೋಟೀನು ಕಾಫಿರಿನ್. ಅದಕ್ಕೆ ನೀರು ಒಗ್ಗುವುದಿಲ್ಲ, ತನ್ನ ಸಣ್ಣ ಸಣ್ಣ ಗುಳಿಗೆಗಳೊಳಗೆ ಮುದುಡಿಕೊಂಡೇ ಇರುತ್ತದೆ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯಲು ಹೋದರೆ ಅಂಚು ಒಡೆದು ಉದುರುವುದು ಇದರಿಂದ.

ಪ್ರೋಟೀನು ಕೈಕೊಟ್ಟ ಕಡೆ ಪಿಷ್ಟವನ್ನು ಕೆಲಸಕ್ಕೆ ಹಚ್ಚಬೇಕು. ಜೋಳದ ಪಿಷ್ಟದ ಕಣಗಳು ತಣ್ಣೀರಿಗೆ ಜಗ್ಗುವುದಿಲ್ಲ. ಬಿಸಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅವು ನೀರು ಹೀರಿ ಉಬ್ಬುತ್ತವೆ, ಒಳಗಿನ ಅಚ್ಚುಕಟ್ಟಾದ ರಚನೆ ಸಡಿಲಾಗಿ ಅಂಟು ಬಿಡುತ್ತವೆ. ಕೊಣಮಿಗೆಯಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರು ಸುರಿದಾಗ ಹಿಟ್ಟಿನ ಒಂದು ಪಾಲು ಅಲ್ಲಿಯೇ ಅರ್ಧ ಬೆಂದು ಅಂಟಾಗುತ್ತದೆ. ಉಳಿದ ಹಸಿ ಹಿಟ್ಟನ್ನು ಆ ಅಂಟು ಹಿಡಿದಿಡುತ್ತದೆ. ಹಿಟ್ಟಿಗೆ ಜಿಗಿ ಬರುವುದು ಹೀಗೆ. ಆಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದುವುದು ಆ ಅಂಟನ್ನು ಎಲ್ಲ ಕಡೆ ಸಮನಾಗಿ ಹರಡುವ ಕೆಲಸ. ಎಸರು ಹೆಚ್ಚಾದರೆ ಹಿಟ್ಟು ಕೈಗೆ ಮೆತ್ತುತ್ತದೆ, ಆರಿದ್ದರೆ ರೊಟ್ಟಿ ಬಿರಿಯುತ್ತದೆ. ಥರ್ಮಾಮೀಟರ್ ಕಾಣದ ಅಡುಗೆಮನೆಯಲ್ಲಿ ಈ ಅಳತೆಯನ್ನು ಕಣ್ಣು, ಕೈ ಸಾಧಿಸಿಕೊಂಡಿವೆ.

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲಿನ ಮೈಗೆ ನೀರದ್ದಿದ ಅರಿವೆ ಸವರುತ್ತಾರೆ. ನೋಡಲು ಸಣ್ಣ ಕೆಲಸ, ಆದರೆ ರೊಟ್ಟಿ ಉಬ್ಬುವುದು ಇದರ ಮೇಲೆಯೇ ನಿಂತಿದೆ. ಮೇಲೆ ಉಳಿದ ಒಣಹಿಟ್ಟು ಆ ನೀರಿನಲ್ಲಿ ನೆನೆದು, ಮಗುಚಿದಾಗ ಬೆಂದು, ಉಗಿ ದಾಟದ ತೆಳು ಪದರವಾಗುತ್ತದೆ. ಕೆಳಗಿನ ಮೈ ಅಷ್ಟರಲ್ಲಿ ಗಟ್ಟಿಯಾಗಿರುತ್ತದೆ. ನಡುವೆ ಸಿಕ್ಕಿಬಿದ್ದ ನೀರು ಕುದಿದು ಉಗಿಯಾದರೆ ಅದಕ್ಕೆ ಮೊದಲಿಗಿಂತ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಕು. ಹೊರಹೋಗಲು ದಾರಿ ಇಲ್ಲದ ಉಗಿ ಎರಡು ಪದರಗಳನ್ನು ಬೇರೆ ಮಾಡಿ ರೊಟ್ಟಿಯನ್ನು ಉಬ್ಬಿಸುತ್ತದೆ. ಯಾವ ಕಡೆಯಾದರೂ ಸಣ್ಣ ಬಿರುಕು ಇದ್ದರೆ ಉಗಿ ಸೋರಿಹೋಗಿ ರೊಟ್ಟಿ ಚಪ್ಪಟೆ ಉಳಿಯುತ್ತದೆ. ಅಲ್ಲಲ್ಲಿ ಮೂಡುವ ಕಂದು ಚುಕ್ಕೆ ಮತ್ತು ಆ ಸುಟ್ಟ ಕಂಪು ಮೈಲಾರ್ಡ್ ಕ್ರಿಯೆಯ ಫಲ. ಜೋರು ಬಿಸಿಯಲ್ಲಿ ಸಕ್ಕರೆ ಅಂಶ ಮತ್ತು ಅಮಿನೋ ಆಮ್ಲಗಳು ಕೂಡಿ ಹುಟ್ಟಿಸುವ ಬಣ್ಣ, ವಾಸನೆ ಅದು. ಫ್ರಾನ್ಸಿನ ಲೂಯಿ ಕಮೀಲ್ ಮೈಲಾರ್ಡ್ ಇದನ್ನು 1912ರಲ್ಲಿ ವಿವರಿಸಿದ.

ಕಡಕ್ ರೊಟ್ಟಿಯ ಕೆಲಸ ಇಲ್ಲಿಗೆ ಅರ್ಧ ಮುಗಿದಂತೆ. ಬೆಂದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸಿ, ಕೆಂಡದ ಹದವಾದ ಬಿಸಿಯಲ್ಲಿ ಒಣಗಿಸುತ್ತಾರೆ. ಮೆತ್ತನೆ ರೊಟ್ಟಿಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ನೀರೇ ಇರುತ್ತದೆ. ಚೆನ್ನಾಗಿ ಒಣಗಿದ ಕಡಕ್ ರೊಟ್ಟಿಯಲ್ಲಿ ಅದು ಹತ್ತನೇ ಒಂದು ಪಾಲಿಗಿಂತ ಕೆಳಗೆ ಇಳಿದಿರುತ್ತದೆ. ಬೂಸ್ಟು, ಬ್ಯಾಕ್ಟೀರಿಯಾ ಬದುಕಲು ಆಹಾರದಲ್ಲಿ ಅವಕ್ಕೆ ಎಟುಕುವ ನೀರು ಬೇಕು. ವಿಜ್ಞಾನಿಗಳು ಇದನ್ನು ಸೊನ್ನೆಯಿಂದ ಒಂದರವರೆಗಿನ ‘ಜಲ ಚಟುವಟಿಕೆ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿನದು 1. ಹೆಚ್ಚಿನ ಬ್ಯಾಕ್ಟೀರಿಯಾಗಳು 0.91ರ ಕೆಳಗೆ ಬೆಳೆಯಲಾರವು, ಬೂಸ್ಟಿನ ಹೆಚ್ಚಿನ ಜಾತಿಗಳು 0.80ರ ಕೆಳಗೆ ಸೋಲುತ್ತವೆ. 0.60ರ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯದು. ಕಡಕ್ ರೊಟ್ಟಿ ಈ ಗೆರೆಯ ಕೆಳಗಿದೆ. ಅದಕ್ಕೆ ಬೇರೆ ಸಂರಕ್ಷಕ ಬೇಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ನಿನ್ನೆಯ ಮೆತ್ತನೆ ರೊಟ್ಟಿ ಇಂದು ಬಿರುಸಾಗುವುದೂ ಕಡಕ್ ಆಗುವುದೂ ಒಂದೇ ಅಲ್ಲ. ನಿನ್ನೆಯ ರೊಟ್ಟಿಯೊಳಗೆ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೆಂದು ಸಡಿಲಾಗಿದ್ದ ಪಿಷ್ಟದ ಎಳೆಗಳು ಆರಿದ ಮೇಲೆ ಮತ್ತೆ ಸಾಲುಗಟ್ಟಿ ಗಟ್ಟಿಯಾಗಿರುತ್ತವೆ, ಅಷ್ಟೆ. ಫ್ರಿಜ್ಜಿನ ತಂಪಿನಲ್ಲಿ ಈ ಸಾಲುಗಟ್ಟುವಿಕೆ ಇನ್ನೂ ಬೇಗ. ಕಡಕ್ ರೊಟ್ಟಿಯಲ್ಲಾದರೋ ನೀರೇ ಹೋಗಿ ಪಿಷ್ಟವು ಗಾಜಿನಂಥ ಸ್ಥಿತಿಗೆ ಬಂದಿರುತ್ತದೆ. ಮುರಿದರೆ ಟಪ್ಪೆಂದು ಸದ್ದು ಮಾಡುವುದು ಅದರಿಂದಲೇ. ಗಾಳಿಯ ತೇವ ಹೀರಿದರೆ ಆ ಸ್ಥಿತಿ ಕಳೆದು ನಾರಿನಂತಾಗುತ್ತದೆ. ಶ್ರಾವಣದ ಗಾಳಿಯಲ್ಲಿ ತೆರೆದಿಟ್ಟ ರೊಟ್ಟಿ ಒಂದೇ ದಿನಕ್ಕೆ ಜಗ್ಗುವುದು ಇದಕ್ಕೆ. ಮತ್ತೆ ಹಂಚಿಗೆ ಹಾಕಿ ಬಿಸಿ ಮುಟ್ಟಿಸಿದರೆ ಕಡಕ್‌ತನ ವಾಪಸು ಬರುತ್ತದೆ.

ಸಜ್ಜೆಯ ಕತೆ ಇನ್ನೂ ಸ್ವಾರಸ್ಯದ್ದು, ಈ ಹಬ್ಬದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸುವುದೂ ಅದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ 100 ಗ್ರಾಂ ಸಜ್ಜೆಯಲ್ಲಿ 5 ಗ್ರಾಮಿಗಿಂತ ಹೆಚ್ಚು ಕೊಬ್ಬು, ಸುಮಾರು 6.4 ಮಿಲಿಗ್ರಾಂ ಕಬ್ಬಿಣ ಇವೆ. ಜೋಳದಲ್ಲಿ ಕೊಬ್ಬು 2 ಗ್ರಾಮಿಗಿಂತ ಕಡಿಮೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅರ್ಧ ಗ್ರಾಮಿನಷ್ಟು. ಸಜ್ಜೆಯ ಈ ಜಿಡ್ಡೇ ಅದರ ರುಚಿ, ಅದರ ತೊಂದರೆಯೂ ಅದೇ. ಕಾಳು ಇಡಿಯಾಗಿರುವಷ್ಟು ದಿನ ಜಿಡ್ಡು ಮೊಳಕೆಯ ಭಾಗದಲ್ಲಿ ಸುರಕ್ಷಿತ. ಗಿರಣಿಗೆ ಹಾಕಿದ ಗಳಿಗೆಯಿಂದ ಲೈಪೇಸ್ ಎಂಬ ಕಿಣ್ವ ಅದನ್ನು ಒಡೆಯತೊಡಗುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲಗಳು ಗಾಳಿಯ ಆಕ್ಸಿಜನ್ ಜೊತೆ ಸೇರಿ ಕೆಡುತ್ತವೆ. ಒಂದೆರಡು ವಾರದೊಳಗೆ ಹಿಟ್ಟು ಕಹಿಯಾಗಿ ಕಮಟು ವಾಸನೆ ಹಿಡಿಯುತ್ತದೆ.

ಆದರೆ ಅದೇ ಹಿಟ್ಟು ರೊಟ್ಟಿಯಾದರೆ? ಹಂಚಿನ ಬಿಸಿ ಲೈಪೇಸನ್ನು ನಿಷ್ಕ್ರಿಯಗೊಳಿಸುತ್ತದೆ. ಒಣಗಿಸುವಾಗ ನೀರೂ ಹೋಗುತ್ತದೆ. ಡಬ್ಬಿಯಲ್ಲಿಟ್ಟ ಹಿಟ್ಟು ಕೆಟ್ಟರೂ ಅದೇ ದಿನ ಬಡಿದ ರೊಟ್ಟಿ ಚೆನ್ನಾಗಿರುತ್ತದೆ. ಹಿಟ್ಟನ್ನು ಕಾಪಾಡಿಕೊಳ್ಳುವ ಒಳ್ಳೆಯ ಉಪಾಯ ಅದನ್ನು ರೊಟ್ಟಿ ಮಾಡಿಡುವುದು! ಮೈಮೇಲೆ ಒತ್ತಿದ ಎಳ್ಳಿನಲ್ಲಿ ಸೆಸಮಿನ್, ಸೆಸಮೊಲಿನ್ ಎಂಬ ಅಂಶಗಳಿವೆ. ಹುರಿದಾಗ ಸೆಸಮೊಲಿನ್‌ನಿಂದ ಸೆಸಮೋಲ್ ಹುಟ್ಟುತ್ತದೆ, ಅದು ಬಲವಾದ ಉತ್ಕರ್ಷಣ ನಿರೋಧಕ. ಎಳ್ಳೆಣ್ಣೆ ಬೇಗ ಕಮಟಾಗದಿರಲು ಇವೂ ಒಂದು ಕಾರಣ.

ತಾಟಿನ ಉಳಿದ ಭಾಗಕ್ಕೂ ಅರ್ಥವಿದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮಿನೋ ಆಮ್ಲ ಕಡಿಮೆ, ಮಡಕೆ, ಹೆಸರು, ಕಡಲೆಯಲ್ಲಿ ಅದು ಸಾಕಷ್ಟು. ಎರಡೂ ಕೂಡಿದರೆ ಕೊರತೆ ನೀಗುತ್ತದೆ. ಒಂದು ಮನೆಯಲ್ಲಿ ಒಂದೆರಡು ಪಲ್ಯವಷ್ಟೇ ಆಗಿದ್ದರೂ ಓಣಿಯೆಲ್ಲ ಸುತ್ತಿ ಬಂದ ತಾಟುಗಳಿಂದ ಆ ದಿನ ಹತ್ತು ಬಗೆ ಊಟವಾಗುತ್ತದೆ. ಹೊಲವಿದ್ದವರ ಮನೆಯ ರೊಟ್ಟಿಯೂ ಕೂಲಿ ಮಾಡುವವರ ಮನೆಯ ರೊಟ್ಟಿಯೂ ಒಂದೇ ಬುಟ್ಟಿಗೆ ಬೀಳುವ ಈ ಪದ್ಧತಿಯನ್ನು ಮೆಚ್ಚದಿರಲು ನನ್ನಿಂದಾಗದು.

ಈ ತಾಟು ಸ್ಥಳೀಯವೆಂದು ನಾವು ಹೆಮ್ಮೆಪಡುತ್ತೇವೆ, ಸರಿಯೇ. ಅದರ ಬೇರುಗಳು ಮಾತ್ರ ಬಹಳ ದೂರ ಹರಡಿವೆ. ಮಸ್ಕಿ ಎಂದರೆ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ನೆನಪಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಅದಕ್ಕೂ ಬಹಳ ಹಿಂದಿನ ನವಶಿಲಾಯುಗದ ನೆಲೆಯನ್ನು ಎಫ್. ಆರ್. ಆಲ್ಚಿನ್ ಅಗೆದು ತೆಗೆದರು. ದಕ್ಷಿಣದ ಆ ಮೊದಲ ಬೇಸಾಯಗಾರರ ಮುಖ್ಯ ಬೆಳೆಗಳು ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು ಎಂದು ಸುಟ್ಟ ಕಾಳುಗಳ ಅಧ್ಯಯನ ತೋರಿಸಿದೆ. ಜೋಳದ ತವರು ಸುಡಾನಿನ ಕಡೆ, ಸಜ್ಜೆಯದು ಸಹಾರಾದ ದಕ್ಷಿಣದ ಅಂಚು. ಎರಡೂ ಆಮೇಲೆ ಬಂದವು. ಗುರೆಳ್ಳು ಇಥಿಯೋಪಿಯಾದ್ದು, ಶೇಂಗಾ ಮತ್ತು ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲಿನ ಅಮೆರಿಕದ ನಂಟರು. ಎಳ್ಳು, ಹೆಸರು, ಮಡಕೆ, ಬದನೆ ನಮ್ಮ ನೆಲದವು.

ರೊಟ್ಟಿಯ ಜೊತೆಗೆ ಪಂಚಮಿಯ ಇನ್ನೊಂದು ಕೊಡುಗೆ ಉಂಡಿ. ಗಂಡನ ಮನೆಯಿಂದ ಅಣ್ಣತಮ್ಮಂದಿರು ಕರೆತಂದ ಹೆಣ್ಣುಮಕ್ಕಳು ಜೋಕಾಲಿ ಆಡಿ, ಹಬ್ಬ ಮುಗಿಸಿ ಹೊರಡುವಾಗ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಕಟ್ಟಿಕೊಡುವುದು ತವರಿನ ಕರ್ತವ್ಯ. ಇಲ್ಲಿಯೂ ಲೆಕ್ಕ ನೀರಿನದೇ. ಬೆಲ್ಲದ ಪಾಕ ಕುದಿಯುತ್ತ ಹೋದಂತೆ ನೀರು ಕಡಿಮೆಯಾಗಿ ಅದರ ಬಿಸಿ 100 ಡಿಗ್ರಿಯನ್ನು ದಾಟಿ ಏರುತ್ತದೆ. ನೀರಿಗೆ ಬಿಟ್ಟ ಹನಿ ಮೆತ್ತನೆ ಉಂಡೆಯಾಗುವ ಹದ ಬರುವುದು ಸುಮಾರು 112ರಿಂದ 116 ಡಿಗ್ರಿಯ ನಡುವೆ. ಉಳಿದ ಸ್ವಲ್ಪ ನೀರನ್ನೂ ಬೆಲ್ಲ ಬಿಗಿಯಾಗಿ ಹಿಡಿದಿಡುವುದರಿಂದ ಸೂಕ್ಷ್ಮಜೀವಿಗಳಿಗೆ ಅದು ಸಿಗುವುದಿಲ್ಲ. ಅಳ್ಳಿಟ್ಟಿಗೆ ಹುರಿಯುವ ಜೋಳದ ಅಳ್ಳಿನಲ್ಲಿ ಮಾತ್ರ ಉಗಿಯ ಆರ್ಭಟ. ಕಾಳಿನ ಗಟ್ಟಿ ಸಿಪ್ಪೆ ಪುಟ್ಟ ಪ್ರೆಷರ್ ಕುಕ್ಕರಿನಂತೆ ಉಗಿಯನ್ನು ತಡೆದಿಟ್ಟು, ತಾಳಲಾರದ ಕ್ಷಣದಲ್ಲಿ ಸಿಡಿಯುತ್ತದೆ. ಸಿಪ್ಪೆ ಒಡೆದ ಕಾಳು ಅಳ್ಳಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಳವಳವನ್ನೂ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಅದು ಸಾವಿರಾರು ಕುಟುಂಬಗಳ ಬಾಳು ಹಸನು ಮಾಡಿತು, ನಿಜ. ಆದರೆ ಎರೆಭೂಮಿಯಲ್ಲಿ ಹಿಂಗಾರಿನ ತೇವ ನಂಬಿ ಬೆಳೆಯುತ್ತಿದ್ದ ಬಿಳಿಜೋಳಕ್ಕೆ ಕಾಲುವೆ ಕೆಳಗಿನ ಹೊಲದಲ್ಲಿ ಜಾಗ ಕಡಿಮೆಯಾಯಿತು, ಹಬ್ಬಕ್ಕೆ ಜೋಳ ಕೊಳ್ಳುವ ಮನೆಗಳು ಹೆಚ್ಚಿದವು. ತಳಿಯ ಮಾತೂ ಇದೆ. 1964ರಲ್ಲಿ ಬಂದ ಸಿಎಸ್‌ಎಚ್-1 ದೇಶದ ಮೊದಲ ಹೈಬ್ರಿಡ್ ಜೋಳ. ಇಳುವರಿ ಬಂತು, ರೊಟ್ಟಿ ಮಾತ್ರ 1930ರ ದಶಕದಲ್ಲಿ ಸೊಲ್ಲಾಪುರದ ಮೊಹೋಳದಲ್ಲಿ ಆರಿಸಿದ ಮಾಲದಂಡಿಯಷ್ಟು ರುಚಿಸಲಿಲ್ಲ. ಮಾಲದಂಡಿಯನ್ನು ರೈತರು ಇಂದಿಗೂ ಬಿಟ್ಟಿಲ್ಲ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1981ರಲ್ಲಿ ಜೋಳದ ಕಾಳಿನ ಗುಣಮಟ್ಟದ ಕುರಿತೇ ಅಂತರರಾಷ್ಟ್ರೀಯ ಸಂಕಿರಣ ನಡೆಸಿದಾಗ ರೊಟ್ಟಿಯೂ ಚರ್ಚೆಯ ವಿಷಯವಾಗಿತ್ತು. ರೊಟ್ಟಿ ಬಡಿಯುವ ಕೈಗಳ ತೀರ್ಪು ತಳಿ ವಿಜ್ಞಾನಿಗಳ ಮೇಜಿಗೆ ತಲುಪಿದ್ದು ನನಗೆ ಬಹಳ ಸಂತೋಷದ ಸಂಗತಿ.

ಗುಳೆ ಹೋದವರೂ ಓದಲು ಹೋದವರೂ ಬೆಂಗಳೂರಿನಲ್ಲಿ ಹಬ್ಬ ಕಳೆಯುವ ಕಾಲವಿದು. ಈ ಸಲ ಅವರಿಗೆ ರೊಟ್ಟಿ ಕಳಿಸುವುದಾದರೆ ಸಜ್ಜೆಯನ್ನು ಬಡಿಯುವ ಮುನ್ನಾದಿನವಷ್ಟೇ ಬೀಸಿಸಿ. ಬಿಸಿ ಇರುವಾಗ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ಒಳಗೆ ಕೂತ ಉಗಿ ನೀರಾಗಿ ಬೂಸ್ಟಿಗೆ ಎಡೆಯಾಗುತ್ತದೆ. ಪೂರ್ತಿ ಆರಿ, ಮುರಿದರೆ ಸದ್ದು ಬರುವಂತಾದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಪಲ್ಯದ ಬದಲು ಒಣ ಚಟ್ನಿಪುಡಿ ಜೊತೆಗಿಡಿ. ಹಂಚಿನ ಮುಂದೆ ಮಗಳನ್ನು ಕೂಡಿಸಿದಂತೆ ಮಗನನ್ನೂ ಕೂಡಿಸಿ, ಎಸರು ಮರಳುವುದನ್ನು ಅವನೂ ಗುರುತಿಸಲಿ.