ಸಂಗ್ರಹದಲ್ಲಿ 24 ವರ್ಷ ಮಲಗಿದ್ದ ಬಾವಲಿ

ಆನೆ, ಕಾಟಿಗಳನ್ನು ನೀವು ದೂರದಿಂದಲೇ ಗುರುತಿಸಬಲ್ಲಿರಿ. ಆದರೆ ಪಶ್ಚಿಮ ಘಟ್ಟದ ಕಾಡುಗಳಲ್ಲಿ ರಾತ್ರಿ ಸಂಚರಿಸುವ ಇಲಿ, ಸುಂಡಿಲಿ, ಬಾವಲಿಗಳ ವಿಷಯ ಹಾಗಲ್ಲ. ಒಂದೇ ತೆರನಾಗಿ ಕಾಣುವ ಎರಡು ಪ್ರಾಣಿಗಳು ಬೇರೆ ಬೇರೆ ಪ್ರಭೇದಗಳಾಗಿರಬಹುದು. ವ್ಯತ್ಯಾಸ ಅಡಗಿರುವುದು ಹಲ್ಲಿನಲ್ಲಿ, ತಲೆಬುರುಡೆಯಲ್ಲಿ. ಆದ್ದರಿಂದಲೇ ವಿಜ್ಞಾನಿಗಳು ಕೆಲವನ್ನು ಹಿಡಿದು, ಮಾದರಿಗಳಾಗಿ ಕಾಪಿಡುತ್ತಾರೆ. ‘ಪಾಪದ ಪ್ರಾಣಿಯನ್ನು ಕೊಲ್ಲುವುದೇಕೆ?’ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉತ್ತರಕ್ಕಾಗಿ ಒಂದು ಬಾವಲಿಯ ಕಥೆ ಕೇಳಿ.

1948ರಲ್ಲಿ ಆಂಗಸ್ ಹಟನ್ ಎಂಬ ಚಹಾ ತೋಟಗಾರರು, ಈಗಿನ ತಮಿಳುನಾಡಿನ ತೇನಿ ಜಿಲ್ಲೆಗೆ ಸೇರಿದ ಹೈ ವೇವಿ ಬೆಟ್ಟಗಳಲ್ಲಿ ಒಂದು ಹಣ್ಣುಬಾವಲಿಯನ್ನು ಸಂಗ್ರಹಿಸಿದರು. ಅದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹ ಸೇರಿತು. ನಮ್ಮ ತೋಟಗಳಿಗೆ ಬಂದು ಸೀಬೆ, ಬಾಳೆ ತಿನ್ನುವ ಸಾಮಾನ್ಯ ಹಣ್ಣುಬಾವಲಿಯೆಂದೇ ಅದನ್ನು ಎಣಿಸಲಾಗಿತ್ತು. 1972ರಲ್ಲಿ ಥಾಯ್ಲೆಂಡಿನ ವಿಜ್ಞಾನಿ ಕಿಟ್ಟಿ ಥೊಂಗ್ಲೊಂಗ್ಯ ಅದರ ಬಾಯೊಳಗೆ ಗಮನಿಸಿ ನೋಡಿದರು. ಸಾಮಾನ್ಯ ಬಾವಲಿಗೆ ಪ್ರತಿ ದವಡೆಯಲ್ಲೂ ಎರಡು ಜೊತೆ ಬಾಚಿಹಲ್ಲುಗಳು. ಇದಕ್ಕೆ ಒಂದೇ ಜೊತೆ. ಬಾಲವೂ ಇಲ್ಲ! ಅದು ಹೊಸ ಪ್ರಭೇದವಷ್ಟೇ ಅಲ್ಲ, ಹೊಸ ಕುಲವೇ ಆಗಿತ್ತು. ಪಕ್ಷಿತಜ್ಞ ಸಲೀಂ ಅಲಿಯವರ ಗೌರವಾರ್ಥ ‘ಲ್ಯಾಟಿಡೆನ್ಸ್ ಸಲೀಮಲಿಐ’ ಎಂದು ಹೆಸರಾಯಿತು. ಆಗ ಜಗತ್ತಿಗೆ ಗೊತ್ತಿದ್ದುದು ಆ ಒಂದೇ ಒಂದು ಮಾದರಿ. 1993ರಲ್ಲಿ ಅದೇ ಬೆಟ್ಟಗಳಲ್ಲಿ ಈ ಬಾವಲಿ ಮತ್ತೆ ಸಿಕ್ಕಿತು. ಎಲ್ಲಿ ಹುಡುಕಬೇಕೆಂಬುದು ದಾಖಲೆಯಲ್ಲೇ ಇತ್ತಲ್ಲ!

ಹಾಗಾಗಿ ಚರ್ಮಕ್ಕಿಂತ ಅದಕ್ಕೆ ಕಟ್ಟುವ ಚೀಟಿಯೇ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ. ಸ್ಥಳ, ಎತ್ತರ, ದಿನಾಂಕ, ಗಂಡೋ ಹೆಣ್ಣೋ, ದೇಹ, ಬಾಲ, ಹಿಂಗಾಲು, ಕಿವಿಗಳ ಅಳತೆ, ತೂಕ ಇವಿಷ್ಟನ್ನೂ ಕಾಡಿನಲ್ಲೇ ಬರೆಯಬೇಕು. ಸಾಮಾನ್ಯ ಶಾಯಿ ಮದ್ಯಸಾರದಲ್ಲಿ ಕರಗಿಹೋಗುವುದರಿಂದ ಪೆನ್ಸಿಲ್ ಬಳಸುವುದುಂಟು. ಚೀಟಿ ಕಳೆದುಹೋದ ಮಾದರಿಯಿಂದ ಆ ಜೀವ ವ್ಯರ್ಥವಾಗಿ ಹೋದಂತೆಯೇ.

ಇಂದು ಎಲ್ಲ ಪ್ರಾಣಿಗಳನ್ನೂ ಕೊಲ್ಲುವುದಿಲ್ಲ. ಸಂಜೆ ಅಲ್ಯೂಮಿನಿಯಂ ಬೋನುಗಳಲ್ಲಿ ತಿಂಡಿಯಿಟ್ಟು, ಬಾವಲಿಗಳಿಗಾದರೆ ನವಿರು ಬಲೆ ಕಟ್ಟಿ ಹಿಡಿಯುತ್ತಾರೆ. ಅಳತೆ ಮಾಡಿ, ಡಿಎನ್‌ಎ ಪರೀಕ್ಷೆಗೆಂದು ರೆಕ್ಕೆಯ ಅಥವಾ ಕಿವಿಯ ಚೂರೊಂದನ್ನು ತೆಗೆದು, ಬಿಟ್ಟುಬಿಡುತ್ತಾರೆ. ಹೊಸದೆಂಬ ಅನುಮಾನ ಬಂದಾಗ ಮಾತ್ರ ಒಂದೆರಡನ್ನು ಉಳಿಸಿಕೊಳ್ಳುತ್ತಾರೆ. ಬೋನುಗಳನ್ನು ತಡಮಾಡದೆ ನೋಡಬೇಕು. ಸುಂಡಿಲಿ ಕೆಲವೇ ಗಂಟೆ ಆಹಾರವಿಲ್ಲದಿದ್ದರೂ ಸಾಯುತ್ತದೆ. ಬೆಟ್ಟದ ಚಳಿಗೆಂದು ಬೋನಿನೊಳಗೆ ಹತ್ತಿಯನ್ನೂ ಇಡುತ್ತಾರೆ.

ನೀವೇ ಹಿಡಿಯಲು ಹೋಗಬೇಡಿ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲದೆ 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಗಳು ಕಾಡಿನ ಇಲಿ, ಸುಂಡಿಲಿಗಳ ಮೈಮೇಲೂ ಇರುತ್ತವೆ.