ನೆನೆಯುವ ಕ್ಯಾಮೆರಾನಾ, ಗಳಿಸುವ ಕ್ಯಾಮೆರಾನಾ?

ಕಳೆದ ವರ್ಷ ಆಗಸ್ಟ್‌ನಲ್ಲಿ ನನ್ನ ಮೊಬೈಲ್ ನಮ್ಮ ತೋಟದ ಹಳ್ಳಕ್ಕೆ ಬಿತ್ತು. ಬಿತ್ತು ಅನ್ನುವುದಕ್ಕಿಂತ ನಾನೇ ಬೀಳಿಸಿದೆ. ಪಾಚಿಗಟ್ಟಿದ ಬಂಡೆಯ ಮೇಲೆ ಹೆಬ್ಬೆರಳ ಗೆಣ್ಣಿನಷ್ಟು ದೊಡ್ಡ ಕಪ್ಪೆಯೊಂದು ಕೂತು, ಹಿಂಗಾಲನ್ನು ನಿಧಾನಕ್ಕೆ ಎತ್ತಿ, ಬೆರಳುಗಳನ್ನು ಬೀಸಣಿಗೆಯಂತೆ ಬಿಡಿಸಿ, ಮತ್ತೆ ಮಡಚಿಕೊಂಡಿತು. ವಿಡಿಯೊ ಮಾಡೋಣವೆಂದು ಬಗ್ಗಿದೆ, ಕಾಲು ಜಾರಿತು. ಮೂರು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೂ ಮೊಬೈಲಿಗೆ ಜೀವ ಬರಲಿಲ್ಲ. ನಾಲ್ಕನೇ ದಿನ ಅಮ್ಮ, ‘ಮೊಬೈಲಂತೂ ಹೋಯ್ತು, ಅಕ್ಕಿನಾದ್ರೂ ಅನ್ನಕ್ಕೆ ಕೊಡು ಮಾರಾಯ’ ಅಂದಳು.

ನಮ್ಮದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಓದುತ್ತಿದ್ದೇನೆ. ಊರಿನಲ್ಲಿದ್ದಷ್ಟು ದಿನ ಕಪ್ಪೆ ನೋಡಿದವನಲ್ಲ. ಊರು ಬಿಟ್ಟ ಮೇಲೆ ಹಾಸ್ಟೆಲ್‌ನಲ್ಲಿ ಕೂತು ಓದಿದಾಗಲೇ ಗೊತ್ತಾಗಿದ್ದು, ನಮ್ಮ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುವ ಗಂಡು ಕಪ್ಪೆ ಇದೆ ಎಂದು. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದಕ್ಕೆ ‘ಕುಂಬಾರ’ ಎಂದೇ ವೈಜ್ಞಾನಿಕ ಹೆಸರಿಟ್ಟರು. ಅದೇ ವರ್ಷ ಎಸ್.ಡಿ. ಬಿಜು ಅವರ ತಂಡ ಪಶ್ಚಿಮ ಘಟ್ಟದಿಂದ 14 ಹೊಸ ಜಾತಿಯ ಕುಣಿಯುವ ಕಪ್ಪೆಗಳನ್ನು ಪ್ರಕಟಿಸಿತ್ತು. ನನ್ನ ಮೊಬೈಲ್ ನುಂಗಿದ್ದು ಇಂಥದ್ದೇ ಒಂದು ಕುಣಿಯುವ ಕಪ್ಪೆ. ತೊರೆಯ ಸದ್ದಿನಲ್ಲಿ ಕೂಗು ಸರಿಯಾಗಿ ಕೇಳುವುದಿಲ್ಲವಲ್ಲ, ಅದಕ್ಕೇ ಕಾಲು ಬೀಸಿ ಸಂಕೇತ ಕೊಡುತ್ತವಂತೆ. ಗದ್ದಲದಲ್ಲಿ ಸಂಕೇತ ಕಳಿಸುವುದು ಹೇಗೆ ಅನ್ನುವುದೇ ನಮಗೆ ಐದನೇ ಸೆಮಿಸ್ಟರ್‌ನಲ್ಲಿ ಒಂದು ಪೇಪರ್!

ಮೊಬೈಲ್ ಹೋದ ಮೇಲೆ ಕ್ಯಾಮೆರಾವನ್ನೇ ಕೊಳ್ಳಬೇಕೆಂಬ ಹಟ ಹತ್ತಿತು. ರಜೆಯಲ್ಲಿ ಮಾಡಿದ ಇಂಟರ್ನ್‌ಶಿಪ್‌ನ ಸ್ಟೈಪೆಂಡ್, ಪಿಯು ಹುಡುಗರಿಗೆ ಗಣಿತ ಹೇಳಿಕೊಟ್ಟು ಬಂದ ದುಡ್ಡು, ಅಜ್ಜಿ ಸೆರಗಿನಿಂದ ಬಿಚ್ಚಿ ಕೊಟ್ಟ ನೋಟು, ಎಲ್ಲ ಸೇರಿ 62,000 ರೂಪಾಯಿ ಇತ್ತು. ಹೊಸದರ ಆಸೆ ಬಿಟ್ಟು ಸೆಕೆಂಡ್ ಹ್ಯಾಂಡ್ ಹುಡುಕಿದೆ. ಕೊನೆಗೆ ಉಳಿದದ್ದು ಎರಡು. ಒಂದು ಒಲಿಂಪಸ್ ಟಫ್ ಟಿಜಿ-6, 29,000 ರೂಪಾಯಿ. ಇನ್ನೊಂದು ಸೋನಿ ಎ6400 ಮಿರರ್‌ಲೆಸ್, ಕಿಟ್ ಲೆನ್ಸ್ ಸೇರಿ 58,000. ಎರಡೂ 2019ರಲ್ಲಿ ಬಂದವು. ಹೋಲಿಕೆ ಅಲ್ಲಿಗೇ ಮುಗಿಯಿತು.

ಟಿಜಿ-6 ಅಂಗೈಯಲ್ಲಿ ಹಿಡಿಸುವ 253 ಗ್ರಾಂನ ಡಬ್ಬಿ. 15 ಮೀಟರ್ ಆಳದ ನೀರಿಗಿಳಿದರೂ, 2.1 ಮೀಟರ್ ಎತ್ತರದಿಂದ ಬಿದ್ದರೂ, 100 ಕೆ.ಜಿ. ಭಾರ ಹೇರಿದರೂ ತಡೆಯುತ್ತದೆ ಎಂದು ಕಂಪನಿಯ ಮಾತು. ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಮಾಡುವ ಮೈಕ್ರೋಸ್ಕೋಪ್ ಮೋಡ್ ಇದೆ. ಆದರೆ ಒಳಗಿನ ಸೆನ್ಸರ್ ಮಾತ್ರ ಕಿರುಬೆರಳ ಉಗುರಿಗಿಂತ ಚಿಕ್ಕದು. ಅಳತೆ ಹಾಕಿದರೆ 28 ಚದರ ಮಿಲಿಮೀಟರ್. ಸೋನಿಯದ್ದು 366. ಅಂದರೆ ಹದಿಮೂರು ಪಟ್ಟು. ಅಂಗಳದಲ್ಲಿ ಚೊಂಬಿಟ್ಟು ಮಳೆನೀರು ಹಿಡಿಯುವುದಕ್ಕೂ ಹಂಡೆಯಿಟ್ಟು ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಬೆಳಕು ಕಣಕಣವಾಗಿ ಬೀಳುತ್ತದೆ. ಎಷ್ಟು ಹೆಚ್ಚು ಕಣ ಸಿಕ್ಕಿತೋ ಚಿತ್ರದಲ್ಲಿ ಮರಳು ಚೆಲ್ಲಿದಂಥ ಕಾಳುಕಾಳು ಅಷ್ಟು ಕಡಿಮೆ. ಹದಿಮೂರರ ವರ್ಗಮೂಲದ ಲೆಕ್ಕದಲ್ಲಿ ಸೋನಿಯ ಚಿತ್ರ ಸುಮಾರು ಮೂರೂವರೆ ಪಟ್ಟು ಶುದ್ಧ. ಲೆನ್ಸ್ ಬದಲಿಸಬಹುದು, ಸೆಕೆಂಡಿಗೆ 11 ಚಿತ್ರ ತೆಗೆಯಬಹುದು, ಕಣ್ಣು ಎಲ್ಲಿದೆಯೆಂದು ತಾನೇ ಹುಡುಕಿ ಫೋಕಸ್ ಮಾಡುತ್ತದೆ.

ಇಷ್ಟು ಓದಿದವರು ಸೋನಿ ತಗೋ ಎಂದೇ ಹೇಳುತ್ತಾರೆ. ನನ್ನ ಗೆಳೆಯನೂ ಹೇಳಿದ. ಅವನು ಡಿಪ್ಲೊಮಾ ಮುಗಿಸಿ ಶಿರಸಿಯಲ್ಲಿ ಮದುವೆ ಫೋಟೊ ತೆಗೆಯುತ್ತಾನೆ. ‘ಎರಡನೇ ಕ್ಯಾಮೆರಾಕ್ಕೆ ಜನ ಬೇಕು. ದಿನಕ್ಕೆ ಮೂರು ಸಾವಿರ ಕೊಡ್ತೆ. ಇಪ್ಪತ್ತು ಮದುವೆಗೆ ಕ್ಯಾಮೆರಾ ದುಡ್ಡು ವಾಪಸ್. ಆಮೇಲೆ ಬಂದಿದ್ದೆಲ್ಲ ಲಾಭ. ಕಪ್ಪೆ ನಿಂಗೆ ಸಂಭಾವನೆ ಕೊಡ್ತಾ?’ ಈ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಕ್ಯಾಂಪಸ್ ಇಂಟರ್‌ವ್ಯೂ ಬಗ್ಗೆ ಸೀನಿಯರ್‌ಗಳ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಕೈಯಲ್ಲೊಂದು ಕಸುಬಿದ್ದರೆ ಒಳ್ಳೆಯದೇ.

ಕೊಳ್ಳುವ ಮುನ್ನ ಒಮ್ಮೆ ಬಾಡಿಗೆಗೆ ತಂದು ನೋಡೋಣವೆಂದು ನವೆಂಬರ್‌ನಲ್ಲಿ, ತುಳಸಿ ಪೂಜೆ ಕಳೆದು ಮದುವೆಗಳು ಶುರುವಾದಾಗ, ಹುಬ್ಬಳ್ಳಿಯಿಂದ ಎ6400 ಮತ್ತು ಒಂದು ಜೂಮ್ ಲೆನ್ಸ್ ಎರಡು ದಿನಕ್ಕೆ ತಂದೆ. ಶನಿವಾರ ಗೆಳೆಯನ ಜತೆ ಮದುವೆ. ಮಂಟಪದ ಅರೆಬೆಳಕಿನಲ್ಲಿ ಧಾರೆ ಎರೆಯುವಾಗ ಮದುಮಗಳ ಅಪ್ಪನ ಕಣ್ಣು ತುಂಬಿದ್ದು ಫ್ಲ್ಯಾಶ್ ಇಲ್ಲದೆ ಸಿಕ್ಕಿತು. ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಮಂಜಿನಂತೆ ಕರಗಿಹೋಗಿದ್ದವು. ಟಿಜಿ-6ನಲ್ಲಿ ಆ ಕೆಲಸ ಆಗುವುದೇ ಇಲ್ಲ. ಸಂಜೆ ಮೂರು ಸಾವಿರ ಕೈಗೆ ಬಂದಾಗ ಸೋನಿಯೇ ಸರಿ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಹಳ್ಳಕ್ಕೆ ಹೋದೆ. ಕುಣಿಯುವ ಕಪ್ಪೆ ಅದೇ ಬಂಡೆಯ ಆಸುಪಾಸಿನಲ್ಲಿತ್ತು. ಹತ್ತಿರ ಹೋದರೆ ಹಾರುತ್ತದೆ. ಜೂಮ್ ಲೆನ್ಸ್ ಇದ್ದಿದ್ದರಿಂದ ಆಚೆ ದಡದಲ್ಲೇ ಕೂತೆ. ಒಂದೂವರೆ ತಾಸು ಕಾದ ಮೇಲೆ ಕಾಲೆತ್ತಿತು. ತೆಗೆದ ನಲವತ್ತು ಚಿತ್ರಗಳಲ್ಲಿ ಒಂದರಲ್ಲಿ ಐದೂ ಬೆರಳು ಬಿಡಿಸಿಕೊಂಡಿವೆ. ನಾನು ಇದುವರೆಗೆ ತೆಗೆದದ್ದರಲ್ಲಿ ಅದೇ ಒಳ್ಳೆಯ ಚಿತ್ರ. ಇದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಮೋಡವಾಯಿತು. ಕೊಯ್ಲಿನ ಸಮಯ, ಬೇಯಿಸಿದ ಅಡಿಕೆ ಅಟ್ಟದ ಮೇಲೆ ಹರವಿತ್ತು. ನಾನು ತೋಟದಿಂದ ಅಂಗಳಕ್ಕೆ ಬರುವುದಕ್ಕೂ ದೊಡ್ಡ ಹನಿ ಬೀಳುವುದಕ್ಕೂ ಸರಿಹೋಯಿತು. ಅಪ್ಪ ಟಾರ್ಪಾಲು ಎಳೆಯುತ್ತಿದ್ದರು, ಅಮ್ಮ ಇನ್ನೊಂದು ತುದಿ ಹಿಡಿದು, ‘ಬಾರೋ ಬೇಗ’ ಎಂದು ಕೂಗಿದಳು. ನಾನು ಅವರ ಪಕ್ಕದಿಂದಲೇ ಮನೆಯೊಳಕ್ಕೆ ಓಡಿದೆ. ಕ್ಯಾಮೆರಾ ಒರೆಸಿ, ಲೆನ್ಸ್ ಮುಚ್ಚಿ, ಬ್ಯಾಗಿಗಿಟ್ಟು, ಬ್ಯಾಗನ್ನು ಗೋದ್ರೇಜಿನ ಮೇಲಿಟ್ಟು ಹೊರಗೆ ಬರುವಷ್ಟರಲ್ಲಿ ಅವರಿಬ್ಬರೇ ಎಲ್ಲ ಮುಚ್ಚಿ ಆಗಿತ್ತು. ಒಂದು ಮೂಲೆಯ ಅಡಿಕೆ ನೆನೆದಿತ್ತು. ಅಪ್ಪ ಏನೂ ಅನ್ನಲಿಲ್ಲ. ‘ಬಾಡಿಗೆದಲ್ವಾ, ಹಾಳಾದ್ರೆ ಕಷ್ಟ’ ಅಂದರು, ಅಷ್ಟೇ. ಬೈದಿದ್ದರೆ ಸುಲಭವಿತ್ತು.

ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಈ ಭಾಗ ಎಂಜಿನಿಯರಿಂಗ್ ಹುಡುಗರಿಗೆ ಇಷ್ಟವಾದೀತು, ಉಳಿದವರು ಬೇಕಿದ್ದರೆ ಹಾರಿಸಿ. ಹತ್ತಿರದಿಂದ ಸಣ್ಣ ವಸ್ತುವಿನ ಚಿತ್ರ ತೆಗೆಯುವಾಗ ಚೂಪಾಗಿ ಕಾಣುವ ಭಾಗ ಕಾಗದದಷ್ಟು ತೆಳ್ಳಗಾಗುತ್ತದೆ; ಕಪ್ಪೆಯ ಮೂಗು ಸ್ಪಷ್ಟವಾದರೆ ಕಣ್ಣು ಮಸುಕು. ದೊಡ್ಡ ಸೆನ್ಸರಿನಲ್ಲಿ ಈ ಕಾಟ ಹೆಚ್ಚು. ಮೂಗಿನಿಂದ ಬೆನ್ನಿನವರೆಗೆ ಸ್ಪಷ್ಟವಾಗಬೇಕೆಂದರೆ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬೇಕು. ಟಿಜಿ-6ನಲ್ಲಿ ಎಫ್/2.8 ಕೊಡುವಷ್ಟು ಆಳ ಎ6400ನಲ್ಲಿ ಬೇಕೆಂದರೆ ಸುಮಾರು ಎಫ್/10ಕ್ಕೆ ಹೋಗಬೇಕು. ಆಗ ಸೆನ್ಸರಿನ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಬೆಳಕು ಹೆಚ್ಚುಕಡಿಮೆ ಹದಿಮೂರರಲ್ಲಿ ಒಂದು ಪಾಲು. ಅಂದರೆ ಮದುವೆ ಮಂಟಪದಲ್ಲಿ ನನ್ನನ್ನು ಮರುಳು ಮಾಡಿದ್ದ ಆ ಹದಿಮೂರು ಪಟ್ಟು ಲಾಭ, ಬಂಡೆಯ ಮೇಲಿನ ಕಪ್ಪೆಯ ಹತ್ತಿರ ಬಗ್ಗಿದಾಗ ಅಲ್ಲಿಗಲ್ಲಿಗೇ ತೊಳೆದುಹೋಗುತ್ತದೆ! ಎರಡು ಸಲ ಲೆಕ್ಕ ಮಾಡಿದೆ, ಅದೇ ಉತ್ತರ. ಇನ್ನು ಸೋನಿಗೆ ಮ್ಯಾಕ್ರೊ ಲೆನ್ಸ್ ಬೇರೆ ಕೊಳ್ಳಬೇಕು, ಅದಕ್ಕೆ ದುಡ್ಡಿಲ್ಲ. ಇದ್ದರೂ ನೀರೊಳಗೆ ಇಳಿಸುವ ಹಾಗಿಲ್ಲ.

ಮತ್ತೊಂದು ವಿಷಯ ಮಲೆನಾಡಿನವರಿಗಷ್ಟೇ ಪೂರ್ತಿ ಅರ್ಥವಾದೀತು, ಬೂಷ್ಟು. ಚಿಕ್ಕಪ್ಪ ಮುಂಬೈಯಲ್ಲಿದ್ದಾಗ ಕೊಂಡ ಯಾಶಿಕಾ ಕ್ಯಾಮೆರಾ ನಮ್ಮ ಮನೆಯಲ್ಲಿದೆ. ಲೆನ್ಸನ್ನು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯಂಥ ಎಳೆಗಳು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ಬೈಂಡು ಯಾವುದನ್ನೂ ಬಿಡದ ಬೂಷ್ಟು ಲೆನ್ಸಿನ ಗಾಜನ್ನೂ ಬಿಡುವುದಿಲ್ಲ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಸುತ್ತಿ ಬೆಚ್ಚಗಿಟ್ಟರೂ ಉಳಿಯಲಿಲ್ಲವಂತೆ, ಗಾಜಿಗೆ ಹೊಗೆಯೂ ಹತ್ತಿತು. ತೇವ ಹೀರುವ ಪೆಟ್ಟಿಗೆ ಕೊಳ್ಳಬಹುದು, ಅದಕ್ಕೆ ಕರೆಂಟ್ ಬೇಕು. ಜುಲೈಯಲ್ಲಿ ನಮ್ಮೂರಿನ ಕರೆಂಟಿನ ಬಗ್ಗೆ ಹೇಳದಿರುವುದೇ ವಾಸಿ. ಮೊಹರು ಮಾಡಿದ ಟಫ್‌ಗೆ ಈ ಭಯ ಕಡಿಮೆ.

ಇಷ್ಟಾದರೂ ನಾನು ಟಿಜಿ-6 ಕೊಂಡದ್ದು ಲೆಕ್ಕದಿಂದ ಎಂದರೆ ಅರ್ಧ ಸುಳ್ಳು. ಆ ವರ್ಷ ಎಲೆಚುಕ್ಕಿ ರೋಗದಿಂದ ನಮ್ಮ ತೋಟದ ಫಸಲು ಇಳಿದಿತ್ತು. ಮುಂದಿನ ಫೀಸಿಗೆ ಸೊಸೈಟಿಯಲ್ಲಿ ಸಾಲ ಕೇಳಬೇಕೆಂದು ಅಪ್ಪ ಅಮ್ಮನ ಹತ್ತಿರ ಮಾತಾಡಿದ್ದು ನನ್ನ ಕಿವಿಗೆ ಬಿದ್ದಿತ್ತು. 29,000 ಕೊಟ್ಟರೆ 33,000 ಉಳಿಯುತ್ತಿತ್ತು. ಗೆಳೆಯನ ಮಾತಿನಂತೆ 58,000 ಹಾಕಿ ದುಡಿದು ತುಂಬಬಹುದಿತ್ತು ನಿಜ, ಆದರೆ ಮದುವೆಗಳು ಹೆಚ್ಚು ಬರುವುದು ಏಪ್ರಿಲ್-ಮೇಯಲ್ಲಿ, ಫೀಸ್ ಕಟ್ಟಬೇಕಿದ್ದುದು ಫೆಬ್ರುವರಿಯಲ್ಲಿ. ಅಪ್ಪನಿಗೆ ‘ಸ್ಟೈಪೆಂಡ್ ಬಂತು’ ಎಂದಷ್ಟೇ ಹೇಳಿ ಕಟ್ಟಿದೆ.

ಸೆಕೆಂಡ್ ಹ್ಯಾಂಡ್ ವಾಟರ್‌ಪ್ರೂಫ್ ಕ್ಯಾಮೆರಾ ಕೊಳ್ಳುವವರಿಗೆ ಒಂದು ಮಾತು. 15 ಮೀಟರ್ ಅನ್ನುವುದು ಹೊಸದಿದ್ದಾಗಿನ ಮಾತು. ಬ್ಯಾಟರಿ ಬಾಗಿಲ ಸುತ್ತ ಇರುವ ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಒಂದು ಕೂದಲು, ಒಂದು ಕಣ ಮರಳು ಕೂತಿದ್ದರೂ ಸಾಕು, ನೀರು ದಾರಿ ಮಾಡಿಕೊಳ್ಳುತ್ತದೆ. ಮಾರಿದವರು ‘ನೀರಿಗೆ ಹಾಕಿ ತೋರಿಸಲ್ಲ, ಬೇಕಾದ್ರೆ ತಗೊಳ್ಳಿ’ ಅಂದಿದ್ದರು. ಹಾಗಾಗಿ ಮನೆಗೆ ತಂದು, ರಬ್ಬರ್ ಒರೆಸಿ, ಬ್ಯಾಟರಿ ತೆಗೆದು ಅದರ ಜಾಗದಲ್ಲಿ ಟಿಶ್ಯೂ ಕಾಗದ ತುರುಕಿ, ಬಾಗಿಲು ಬಿಗಿದು ಬಕೆಟ್ಟಿನಲ್ಲಿ ಮುಳುಗಿಸಿದೆ. ಅರ್ಧ ಗಂಟೆ ಮನೆಮಂದಿಯೆಲ್ಲ ಬಕೆಟ್ ಸುತ್ತ ನಿಂತಿದ್ದೆವು. ‘ಇಪ್ಪತ್ತೊಂಬತ್ತು ಸಾವ್ರ ಕೊಟ್ಟು ನೀರಿಗೆ ಹಾಕೋದು ಎಂತ ವಿದ್ಯೆಯೋ’ ಎಂದು ಅಜ್ಜಿ ಜಪಮಣಿ ಎಣಿಸುತ್ತಿದ್ದರು. ತೆಗೆದಾಗ ಕಾಗದ ಒಣಗಿತ್ತು.

ನಷ್ಟವೂ ಆಗಿದೆ. ಮಾರ್ಚ್‌ನಲ್ಲಿ ಗೆಳೆಯ ಬೇರೆಯವನನ್ನು ಜತೆಗೆ ಸೇರಿಸಿಕೊಂಡ. ಮೇ ತಿಂಗಳಲ್ಲಿ ಹದಿನಾಲ್ಕು ಮದುವೆ ಮಾಡಿದೆವು ಎಂದು ಫೋನಿನಲ್ಲಿ ಹೇಳಿದಾಗ ನನ್ನ ಬಾಯಿ ತಂತಾನೇ ಹದಿನಾಲ್ಕನ್ನು ಮೂರು ಸಾವಿರದಿಂದ ಗುಣಿಸಿತು. ಕುಣಿಯುವ ಕಪ್ಪೆ ಕಾಲೆತ್ತಿದ ಚಿತ್ರ ಟಿಜಿ-6ನಲ್ಲಿ ಒಂದೂ ಬಂದಿಲ್ಲ. ಹತ್ತಿರ ಹೋಗದೆ ಅದು ತೆಗೆಯದು, ಹತ್ತಿರ ಹೋದರೆ ಕಪ್ಪೆ ನಿಲ್ಲದು. ರಾತ್ರಿಯ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದರೆ ರವೆ ಚೆಲ್ಲಿದಂತೆ ಕಾಣುತ್ತದೆ.

ಬಂದದ್ದು ಬೇರೆ. ಬೇಸಿಗೆಯ ಕೊನೆಯಲ್ಲಿ ಹಳ್ಳದ ಗುಂಡಿಯಲ್ಲಿ ದ್ವಿವರ್ಣ ಕಪ್ಪೆಯ ಗೊದಮೊಟ್ಟೆಗಳು ಕಪ್ಪು ಮೋಡದಂತೆ ಹಿಂಡು ಕಟ್ಟಿ ಸುತ್ತುತ್ತವೆ. ಚಿಕ್ಕಂದಿನಿಂದ ಮೇಲಿನಿಂದಷ್ಟೇ ನೋಡಿದ್ದೆ. ಕ್ಯಾಮೆರಾ ನೀರೊಳಗಿಟ್ಟು ಕೈ ಅಲುಗಿಸದೆ ಕೂತೆ. ಹತ್ತು ನಿಮಿಷದ ಮೇಲೆ ಇಡೀ ಹಿಂಡು ಲೆನ್ಸಿನ ಮುಂದೆ ಬಂತು. ಒಂದು ಗಾಜನ್ನೇ ಕೆರೆದು ನೋಡಿತು, ಪಾಚಿ ಎಂದುಕೊಂಡಿತೋ ಏನೋ. ಆ ಬಾಯಿಯ ಸಾಲುಸಾಲು ಹಲ್ಲಿನಂಥ ಗೆರೆ ನೋಡಿ ಅಮ್ಮ ಊಟ ಬಿಟ್ಟು ಎದ್ದಳು.

ಮೊನ್ನೆ ಜುಲೈಯಲ್ಲಿ ಮನೆಗೆ ಹೋಗಿದ್ದೆ. ಜಡಿಮಳೆ ನಡುವೆ ಸ್ವಲ್ಪ ಹೊಳವಾಗಿದ್ದೇ ತಡ, ಕೊನೆಗೌಡರು ಮರ ಹತ್ತಿ ಬೋರ್ಡೋ ಹೊಡೆಯುತ್ತಿದ್ದರು. ಅಪ್ಪ ತೋಟದಿಂದಲೇ ಕೂಗಿದರು, ‘ಆ ಕ್ಯಾಮೆರಾ ತಗಂಡು ಬಾರೋ.’ ಕೆಳಗೆ ಬಿದ್ದಿದ್ದ ಸೋಗೆಯ ಮೇಲೆ ಕಂದು ಚುಕ್ಕಿಗಳಿದ್ದವು. ಇದು ಹಳೆಯ ರೋಗವೋ ಹೊಸದಾಗಿ ಹಬ್ಬುತ್ತಿರುವುದೋ, ಹತ್ತಿರದಿಂದ ಫೋಟೊ ತೆಗೆದು ತೋಟಗಾರಿಕೆ ಇಲಾಖೆಯವರಿಗೆ ಕಳಿಸಬೇಕಿತ್ತಂತೆ. ಮತ್ತೆ ಹನಿಯತೊಡಗಿತು. ನಾನು ಮೈಕ್ರೋಸ್ಕೋಪ್ ಮೋಡ್ ಹಾಕಿ ಚುಕ್ಕಿಗೆ ಲೆನ್ಸ್ ಮುಟ್ಟುವಷ್ಟು ಹತ್ತಿರ ಹಿಡಿದೆ. ಪರದೆಯ ಮೇಲೆ ಚುಕ್ಕಿಯ ಸುತ್ತಲಿನ ಹಳದಿ ಉಂಗುರ ದೊಡ್ಡದಾಗಿ ಮೂಡಿತು. ‘ಎಲ್ಲಿ, ನೋಡ್ವ’ ಎಂದು ಅಪ್ಪ ಬೋರ್ಡೋ ಮೆತ್ತಿದ ಕೈಯಲ್ಲೇ ಕ್ಯಾಮೆರಾ ಇಸಿದುಕೊಂಡರು. ನೀಲಿ ಹೆಬ್ಬೆರಳ ಗುರುತು ಲೆನ್ಸಿನ ಮೇಲೆಯೇ ಬಿತ್ತು. ನೋಡಿ ಮುಗಿದ ಮೇಲೆ ನಾನು ಅದನ್ನು ಹಳ್ಳದಲ್ಲಿ ಅದ್ದಿ ತೊಳೆದು, ಜೇಬಿಗೆ ಹಾಕಿಕೊಂಡು, ಬೋರ್ಡೋ ಕೊಡಪಾನ ಎತ್ತಿದೆ.